ಅಂಕೆ ಅಂಟಿಸಿದ ಹಣೆಪಟ್ಟಿ

ಬೌದ್ಧಿಕ ನ್ಯೂನತೆಯಿರುವ ವಯಸ್ಕರ ಜೊತೆ ಕೆಲಸ ಮಾಡೋ ಮನಶ್ಶಾಸ್ತ್ರಜ್ಞ ನಾನು. ನಮ್ಮ ಕಸುಬಿನ ಚರಿತ್ರೆ ಅಷ್ಟೇನೂ ಚೆಂದವಿಲ್ಲ.

1905ರಲ್ಲಿ ಪ್ಯಾರಿಸ್‌ನ ಬಿನೆ, ಸಿಮೋನ್ ಬುದ್ಧಿಪರೀಕ್ಷೆ ರೂಪಿಸಿದ್ದು ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ನೆರವಾಗಲೆಂದು. ಅಮೆರಿಕದ ಗೊಡಾರ್ಡ್ ಕೈಗೆ ಸಿಕ್ಕ ಮೇಲೆ ಅದರಿಂದ 1910ರಲ್ಲಿ ‘ಮೊರಾನ್’ ಅನ್ನೋ ಹಣೆಪಟ್ಟಿ ಹುಟ್ಟಿತು. ಬ್ರಿಟನ್ನಿನ 1913ರ ಕಾಯ್ದೆ ಇಂಥವರನ್ನು ಸಂಸ್ಥೆಗಳಲ್ಲಿ ಕೂಡಿಹಾಕಲು ದಾರಿ ಮಾಡಿಕೊಟ್ಟಿತು.

1950ರ ದಶಕದಲ್ಲಿ ಟಿಜಾರ್ಡ್, ಓಕಾನರ್ ಎಂಬ ಮನಶ್ಶಾಸ್ತ್ರಜ್ಞರೇ ಅಂಥವರಿಗೆ ಕೆಲಸ ಕಲಿಸಿ ನೋಡಿದರು. ‘ಕೈಲಾಗದವರು’ ಕಲಿತೇಬಿಟ್ಟರು! ಬೀಗ ಮಾತ್ರ ತೆರೆಯಲಿಲ್ಲ. ಕಾರ್ಡಿಫ್‌ನ ಈಲಿ ಆಸ್ಪತ್ರೆಯ ಕ್ರೌರ್ಯ 1969ರ ವರದಿಯಲ್ಲಿ ಬಯಲಾದ ಮೇಲೆ, 1971ರಲ್ಲಷ್ಟೇ ಸರ್ಕಾರ ಊರೊಳಗಿನ ಬದುಕಿನ ಮಾತಾಡಿತು.

ಅದಕ್ಕೇ ಅಂಕೆಗಿಂತ ಮೊದಲು, ‘ಏನು ಕಲೀಬೇಕು ಅಂತಿದೀರಿ?’ ಅಂತ ಕೇಳೋದು ನನ್ನ ರೂಢಿ. ನೀವೇನಂತೀರಿ?