ಮೂರು ಪಾರುಪತ್ಯಗಾರರು

ದೊಡ್ಡ ದೇವಸ್ಥಾನಗಳಲ್ಲಿ ಪಾರುಪತ್ಯಗಾರರು ಎಂದು ಒಬ್ಬರಿರುತ್ತಾರೆ. ಪೂಜೆ ಮಾಡುವವರು ಅವರಲ್ಲ, ಅಡಿಗೆ ಮಾಡುವವರೂ ಅಲ್ಲ. ಆದರೆ ಉಗ್ರಾಣದ ಬೀಗದ ಕೈ ಇರುವುದು ಅವರ ಸೊಂಟದಲ್ಲಿ. ಯಾರಿಗೆ ಎಷ್ಟು ಅಕ್ಕಿ, ಯಾವ ಪಾತ್ರೆ ಯಾವ ಕೋಣೆಯಲ್ಲಿ, ಯಾರು ಮೊದಲು ಯಾರು ಅನಂತರ ಎಂಬುದೆಲ್ಲ ಅವರ ಬಾಯಿಯಿಂದಲೇ ಹೊರಡಬೇಕು. ಗಣಕಯಂತ್ರದ ಒಳಗೆ ಈ ಹುದ್ದೆಯಲ್ಲಿ ಕುಳಿತದ್ದನ್ನು ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಕೀಲಿಮಣೆ, ಪರದೆ, ಮುದ್ರಣಯಂತ್ರ, ಕಡತಗಳನ್ನಿಡುವ ಡಿಸ್ಕು ಎಲ್ಲವೂ ಅದರ ಪಾರುಪತ್ಯಕ್ಕೆ ಸೇರಿದವು. ನಾನು ಇಂಥ ಮೂವರ ಕೈಕೆಳಗೆ ಬರೆದವನು. ಮೂರನೆಯವರ ಬಳಿಗೆ ಹೋದಾಗ ನನಗೆ ಅರವತ್ತಾರು ವರ್ಷ. "ಈ ಪ್ರಾಯದಲ್ಲಿ ಇದೆಲ್ಲ ಎಂತಕ್ಕೆ ನಿಮಗೆ?" ಎಂದು ಮನೆಯವಳು ಕೇಳಿದಳು. ಅರವತ್ತಕ್ಕೆ ಅರಳುಮರಳು ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಸ್ವಲ್ಪ ಇತಿಹಾಸ ಹೇಳಬೇಕಾಗುತ್ತದೆ.

ಮೊದಲನೆಯವರು ಡಾಸ್. 1981ರಲ್ಲಿ ಐಬಿಎಂ ಕಂಪೆನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ ಅದರೊಡನೆ ಬಂದದ್ದು. ಅಮೆರಿಕದ ಟಿಮ್ ಪ್ಯಾಟರ್ಸನ್ ಎಂಬವರು ಬರೆದಿದ್ದ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡು, ತಿದ್ದಿ, ಐಬಿಎಂಗೆ ಒದಗಿಸಿತ್ತು. ಕಪ್ಪು ಪರದೆ, ಅದರ ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಕಡತದ ಹೆಸರು ಎಂಟು ಅಕ್ಷರ ಮೀರುವಂತಿಲ್ಲ, ಬಾಲಕ್ಕೆ ಮತ್ತೆ ಮೂರು. ಈ ಪಾರುಪತ್ಯಗಾರರಿಗೆ ಕನ್ನಡ ಬಾರದು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಎಂಬ ಕಾರ್ಡನ್ನು ಯಂತ್ರದೊಳಗೆ ಸಿಕ್ಕಿಸಿದರೆ ಮಾತ್ರ ಭಾರತದ ಲಿಪಿಗಳು ಪರದೆಯ ಮೇಲೆ ಮೂಡುತ್ತಿದ್ದವು.

ನಮ್ಮ ಜಿಲ್ಲೆಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾಯರು ಕನ್ನಡಕ್ಕೊಂದು ಸರಳ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು. ಇಂಗ್ಲಿಷಿನ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಎಫ್ ಒತ್ತಿದರೆ ಮುಂದಿನ ವ್ಯಂಜನ ಒತ್ತಾಗಿ ಕೆಳಗೆ ಕೂರುತ್ತದೆ. 'ಹಕ್ಕಿ' ಬೇಕಾದರೆ ಎಚ್, ಕೆ, ಎಫ್, ಕೆ, ಐ. ಬೆರಳಚ್ಚು ಯಂತ್ರದಲ್ಲಿ ತಲೆಕಟ್ಟು, ಕೊಂಬು, ಒತ್ತುಗಳನ್ನು ಒಂದೊಂದಾಗಿ ಜೋಡಿಸಿ ಬಳಲಿದ್ದ ನಮ್ಮಂಥವರಿಗೆ ಇದು ದೊಡ್ಡ ಉಪಕಾರ. ನಲವತ್ತು ದಾಟಿದ ಮೇಲೆ ನಾನು ಕಲಿತ ಈ ವಿನ್ಯಾಸ ಬೆರಳುಗಳಲ್ಲಿ ಇವತ್ತಿಗೂ ಇದೆ.

ಎರಡನೆಯವರು ವಿಂಡೋಸ್. 1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95 ಒಂದೆರಡು ವರ್ಷಗಳಲ್ಲಿ ನಮ್ಮ ಪೇಟೆಗೂ ಇಳಿಯಿತು. ಮೊಳೆ ಜೋಡಿಸುತ್ತಿದ್ದ ಅಚ್ಚಿನ ಮನೆಗಳೆಲ್ಲ ಡಿಟಿಪಿ ಸೆಂಟರುಗಳಾದವು. ಪೇಜ್‌ಮೇಕರ್ ಎಂಬ ಹೆಸರು ಮನೆಮಾತಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರೂ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಹಿಂದೆ ಬಿದ್ದು ದುಡಿದರು.

ಆದರೆ ಆ ಕಾಲದ ಕನ್ನಡದಲ್ಲಿ ಒಂದು ಗುಟ್ಟಿತ್ತು. ಯಂತ್ರ ಕನ್ನಡವನ್ನು ಕಲಿತಿರಲಿಲ್ಲ. ಕನ್ನಡದ ವೇಷ ತೊಟ್ಟಿತ್ತು. ಒಳಗೆ ಇಂಗ್ಲಿಷ್ ಅಕ್ಷರಗಳ ಮನೆಗಳು. ಅವುಗಳಲ್ಲಿ ಕನ್ನಡದ ತುಂಡುಗಳನ್ನು ಚಿತ್ರವಾಗಿ ಕೂರಿಸಿದ್ದರು, ಅಷ್ಟೆ. ಅದೇ ಫಾಂಟ್ ಇರುವ ತನಕ ವೇಷ ಚೆನ್ನ. ಫಾಂಟ್ ಇಲ್ಲದ ಯಂತ್ರದಲ್ಲಿ ಆ ಹಳೆಯ ನುಡಿಯ ಕಡತವನ್ನು ತೆರೆದರೆ, 'ಕನ್ನಡ' ಎಂಬ ಪದದ ಜಾಗದಲ್ಲಿ ಮೊದಲಿಗೆ ಇಂಗ್ಲಿಷಿನ ಪಿ, ಆಮೇಲೆ ತಲೆಯ ಮೇಲೆ ಗೀರುಳ್ಳ ಎ, ಅದರ ಬೆನ್ನಿಗೆ ಪೌಂಡ್ ಹಣದ ಗುರುತು ಕಾಣುತ್ತಿತ್ತು. ಒಂದು ಕಂಪೆನಿಯ ವೇಷ ಇನ್ನೊಂದು ಕಂಪೆನಿಗೆ ಹೊಂದುತ್ತಲೂ ಇರಲಿಲ್ಲ.

ನನ್ನ ಮಟ್ಟಿಗೆ ಇದು ಬರಿಯ ತಾಂತ್ರಿಕ ವಿಷಯವಲ್ಲ. ಇಪ್ಪತ್ತು ವರ್ಷ ಊರೂರು ತಿರುಗಿ ಅಡಿಕೆ ತೋಟದವರ, ಗದ್ದೆ ಬೇಸಾಯದವರ ಮಾತುಗಳನ್ನು ಬರೆದುಕೊಂಡಿದ್ದೆ. ಏತ, ಕಟ್ಟ, ಸುರಂಗ, ಪತ್ತಾಯ, ಮುಟ್ಟಾಳೆ, ಮುಡಿ, ಕಳಸಿಗೆ, ಹೀಗೆ ನಾಲ್ಕು ಸಾವಿರಕ್ಕೂ ಮಿಕ್ಕಿದ ಶಬ್ದಗಳು. ಹೇಳಿಕೊಟ್ಟ ಅಜ್ಜ ಅಜ್ಜಿಯರಲ್ಲಿ ಹೆಚ್ಚಿನವರು ಈಗ ಇಲ್ಲ. ಅವೆಲ್ಲವನ್ನು ಒಂದು ಖಾಸಗಿ ಕಂಪೆನಿಯ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟಿದ್ದೆ. ಅದಕ್ಕೊಂದು ಬೀಗವಿತ್ತು. ಹೆಬ್ಬೆರಳಿನಷ್ಟು ದಪ್ಪದ ಆ ಡಬ್ಬಿಯನ್ನು ಯಂತ್ರದ ಬೆನ್ನಿಗೆ, ಪ್ರಿಂಟರಿನ ತಂತಿ ಸಿಕ್ಕಿಸುವ ಕಂಡಿಗೆ, ಸಿಕ್ಕಿಸಿದರೆ ಮಾತ್ರ ತಂತ್ರಾಂಶ ಬಾಯಿಬಿಡುತ್ತಿತ್ತು. ಹೊಸ ಯಂತ್ರಗಳಲ್ಲಿ ಆ ಕಂಡಿಯೇ ಬರುವುದು ನಿಂತಿತು. ಕಂಪೆನಿಗೆ ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ನನ್ನ ಶಬ್ದಗಳು ನನ್ನ ಮನೆಯಲ್ಲೇ ಇದ್ದವು. ಬೀಗದ ಕೈ ಮಾತ್ರ ಬೇರೆಯವರಲ್ಲಿತ್ತು.

ಅಷ್ಟರಲ್ಲಿ 2014ರ ಏಪ್ರಿಲ್ 8 ಬಂತು. 2001ರಲ್ಲಿ ಹೊರಬಂದಿದ್ದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ದಿನ ಅದು. ನನ್ನ ಹಳೆಯ ಯಂತ್ರಕ್ಕೆ ಹೊಸ ವಿಂಡೋಸನ್ನು ಹೊರುವ ಶಕ್ತಿ ಇರಲಿಲ್ಲ. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ತಂಗಿಯ ಮಗ ಹೇಳಿದ: "ಮಾವ, ಲಿನಕ್ಸ್ ಹಾಕುವ. ದುಡ್ಡು ಕೊಡ್ಲಿಕ್ಕಿಲ್ಲ, ಬೀಗವೂ ಇಲ್ಲ."

ಲಿನಕ್ಸಿನ ಕಥೆ ಸ್ವಾರಸ್ಯವಾದದ್ದು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್, ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ವ್ಯವಸ್ಥೆ ಕಟ್ಟುತ್ತೇನೆಂದು ಸಾರಿ ಅದಕ್ಕೆ ಗ್ನೂ ಎಂದು ಹೆಸರಿಟ್ಟರು. 1991ರಲ್ಲಿ ಹೆಲ್ಸಿಂಕಿಯ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದಕ್ಕೆ ಬೇಕಾಗಿದ್ದ ತಿರುಳನ್ನು ಬರೆದ. ಅದೇ 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿಯೂ ಹೊರಬಂತು. ಲೋಕದ ಲಿಪಿಗಳಿಗೆಲ್ಲ ಬೇರೆ ಬೇರೆ ಮನೆ ಕೊಡುವ ಆ ಪಟ್ಟಿಯಲ್ಲಿ ಕನ್ನಡಕ್ಕೂ 128 ಮನೆಗಳ ಒಂದು ಕೇರಿ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲೂ ಯೂನಿಕೋಡ್ ಕನ್ನಡವಿತ್ತು, ನಿಜ. ಆದರೆ ಪೇಜ್‌ಮೇಕರಿಗೆ ಅದು ಬಾರದ್ದರಿಂದ ಅಚ್ಚಿನ ಮನೆಗಳು ಹಳೆಯ ಫಾಂಟುಗಳನ್ನೇ ಕೇಳುತ್ತಿದ್ದವು.

ನನಗೆ ಧೈರ್ಯ ಬಂದದ್ದು ಗಡಿಯಾಚೆಯ ಕಾಸರಗೋಡನ್ನು ನೋಡಿ. ಕೇರಳ ಸರ್ಕಾರ ತನ್ನ ಶಾಲೆಗಳ ಯಂತ್ರಗಳನ್ನು ಅದಾಗಲೇ ಲಿನಕ್ಸಿಗೆ ಬದಲಾಯಿಸಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಆ ಏರ್ಪಾಡಿನೊಳಗೇ ಇದ್ದವು. ನಿವೃತ್ತಿಗೆ ಎರಡು ವರ್ಷವಿದ್ದ ನನ್ನ ಸ್ನೇಹಿತರೊಬ್ಬರು ಅಲ್ಲಿ ಮಕ್ಕಳಿಗೆ ಅದನ್ನು ಕಲಿಸುತ್ತಿದ್ದರು. ಅವರಿಗೆ ಸಾಧ್ಯವಾದದ್ದು ನನಗೆ ಯಾಕೆ ಆಗಬಾರದು?

ಮೊದಲ ತಿಂಗಳು ಕಷ್ಟವಾಯಿತು. ವಯಸ್ಸಾದವರಿಗೆ ಹೊಸತನ್ನು ಕಲಿಯುವುದಕ್ಕಿಂತ ಹಳೆಯದನ್ನು ಬಿಡುವುದೇ ದುಸ್ತರ. ತಲೆ ಒಪ್ಪಿದರೂ ಬೆರಳು ಒಪ್ಪುವುದಿಲ್ಲ. ಕಡತ ಎಲ್ಲಿ ಹೋಯಿತೆಂದು ಸಿ ಡ್ರೈವನ್ನು ಹುಡುಕುತ್ತಿದ್ದೆ. ಅಲ್ಲಿ ಸಿ ಇಲ್ಲ, ಡಿ ಇಲ್ಲ. ಎಲ್ಲವೂ ಒಂದೇ ಮರದ ಕೊಂಬೆಗಳು. ದೊಡ್ಡಕ್ಷರ, ಸಣ್ಣಕ್ಷರ ಬೇರೆಯಾದರೆ ಕಡತವೇ ಬೇರೆ. ಆದರೆ ಒಂದು ದಿನ ಟರ್ಮಿನಲ್ ತೆರೆದಾಗ ಹಳೆಯ ಡಾಸಿನ ಕಪ್ಪು ಪರದೆ ಎದುರಿಗೆ ನಿಂತಿತು! ಸಿಡಿ ಎಂಬ ಆಜ್ಞೆ ಹಾಗೆಯೇ ಇದೆ. ಓರೆಗೆರೆ ಮಾತ್ರ ಇನ್ನೊಂದು ಕಡೆಗೆ ವಾಲಿದೆ. ಲಿನಕ್ಸ್ ಅನುಸರಿಸುವುದು 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸಿನ ಪದ್ಧತಿಯನ್ನು. 1983ರ ಡಾಸ್ 2.0 ಕಡತಕೋಶಗಳ ಕಲ್ಪನೆಯನ್ನು ಅಲ್ಲಿಂದಲೇ ತಂದಿತು. ಮುಂದಕ್ಕೆ ವಾಲಿದ ಗೆರೆ ಡಾಸಿನಲ್ಲಿ ಬೇರೆ ಕೆಲಸಕ್ಕೆ ಬಳಕೆಯಾಗಿದ್ದರಿಂದ ಹಿಂದಕ್ಕೆ ವಾಲಿದ್ದನ್ನು ಹಿಡಿಯಿತು. ಹೊಸಬರೆಂದುಕೊಂಡವರು ಹಳಬರ ಕಡೆಯ ಹಿರಿಯರೇ ಎಂದಾಯಿತು. ಕೆ.ಪಿ. ರಾಯರ ಕೀಲಿಮಣೆಯೂ ಅಲ್ಲಿತ್ತು. ಎಚ್, ಕೆ, ಎಫ್, ಕೆ, ಐ ಒತ್ತಿದೆ, 'ಹಕ್ಕಿ' ಬಂತು.

ಉಳಿದದ್ದು ಶಬ್ದಗಳ ಬಿಡುಗಡೆ. ನುಡಿಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಉತ್ಸಾಹಿಗಳು ಬರೆದು ಹಂಚಿದ್ದರು. ನನ್ನ ಕಡತದ ಫಾಂಟಿಗೆ ಅಂಥದ್ದು ಸಿಗಲಿಲ್ಲ. ಹಿಂದೆ ಮುದ್ರಿಸಿಟ್ಟಿದ್ದ ಹಾಳೆಗಳನ್ನು ಪಕ್ಕದಲ್ಲಿಟ್ಟುಕೊಂಡು ಯಾವ ಗುರುತಿಗೆ ಯಾವ ಅಕ್ಷರ ಎಂದು ನಾನು ಪಟ್ಟಿ ಮಾಡಿದೆ. ಅಳಿಯ ಅದರಿಂದ ಪುಟ್ಟ ಪ್ರೋಗ್ರಾಮ್ ಬರೆದ. 'ಸೂರ್ಯ' ಎಂಬಲ್ಲಿ ಅದು ಎಡವಿತು. ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲಿ ಮೊದಲು ಯ, ಆಮೇಲೆ ಅರ್ಕಾವತ್ತು ಇಟ್ಟಿತ್ತು. ಯೂನಿಕೋಡ್ ಬಾಯಿ ನುಡಿಯುವ ಕ್ರಮದಲ್ಲಿ ಮೊದಲು ರ್, ಆಮೇಲೆ ಯ ಇಡುತ್ತದೆ. ಕಂಡದ್ದನ್ನು ನುಡಿದದ್ದಾಗಿ ತಿರುಗಿಸುವ ಈ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು. ಅಕಾರಾದಿಯಾಗಿ ಜೋಡಿಸುವಾಗ ಮತ್ತೊಂದು ತಿದ್ದುಪಡಿ: ಯೂನಿಕೋಡಿನ ಸಾಲಿನಲ್ಲಿ ಳ ಕೂತಿರುವುದು ಲ ಪಕ್ಕದಲ್ಲಿ; ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ಹ ಆದ ಮೇಲೆ.

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಓರಗೆಯವರು ಕೆಲವರು ಫೋನ್ ಮಾಡಿ, ಈಗ ಎಂತ ಮಾಡುವುದೆಂದು ಕೇಳಿದರು. ಯಾವ ಪಾರುಪತ್ಯಗಾರರಾದರೂ ಆಗಬಹುದು, ಅದು ಅವರವರ ಅನುಕೂಲ. ಮೊದಲು ಹಳೆಯ ಫಾಂಟಿನಲ್ಲಿರುವ ಬರಹಗಳನ್ನೆಲ್ಲ ಯೂನಿಕೋಡಿಗೆ ತಂದುಕೊಳ್ಳಿ ಎಂದೆ. ಓಲೆಗರಿ ಶಿಥಿಲವಾಗುವ ಮೊದಲು ಹೊಸ ಗರಿಗೆ ನಕಲು ಮಾಡಿದವರಿಂದಲೇ ನಮ್ಮ ಹಳೆಯ ಕಾವ್ಯಗಳು ಉಳಿದವು. ಇದೂ ಆ ಬಗೆಯ ಕೆಲಸವೇ.

ಮನೆಯವಳ ಪ್ರಶ್ನೆಗೆ ಉತ್ತರ ಈಗ ಅವಳ ಕೈಯಲ್ಲೇ ಇದೆ. ಅವಳ ಆಂಡ್ರಾಯ್ಡ್ ಮೊಬೈಲಿನ ತಿರುಳೂ ಲಿನಕ್ಸೇ. ಅದರಲ್ಲಿ ನನ್ನ ಶಬ್ದಗಳ ಕಡತ ಇದೆ. ಮೊನ್ನೆ ಪತ್ತಾಯ ಎಂದು ಹುಡುಕಿ, ಕೆಳಗಿನ ಅರ್ಥವನ್ನು ಓದಿ, "ನಮ್ಮ ತವರಿನಲ್ಲಿ ಇದಕ್ಕೆ ಎರಡು ಬಾಗಿಲು ಇತ್ತು, ಅದನ್ನೂ ಬರೆಯಿರಿ" ಎಂದಳು. ಬರೆದೆ.