ವೃತ್ತಿರೋಗಗಳ ಚರಿತ್ರೆಯೂ ವೈದ್ಯನ ನಿತ್ಯಾಧ್ಯಯನವೂ

ವೈದ್ಯವಿದ್ಯೆಯ ಇತರ ಅಂಗಗಳಲ್ಲಿ ಗುರುಮುಖದಿಂದ ಕಲಿತುದು ಕೆಲವು ಕಾಲವಾದರೂ ನಿಲ್ಲುತ್ತದೆ. ಮುರಿದ ಎಲುಬನ್ನು ಕೂಡಿಸುವ ಕ್ರಮವು ಒಂದು ತಲೆಮಾರಿನಲ್ಲಿ ಬುಡಮೇಲಾಗುವುದು ಅಪೂರ್ವ. ಆದರೆ ಜನರು ಹೊಟ್ಟೆಪಾಡಿಗಾಗಿ ಮಾಡುವ ಕೆಲಸದಿಂದಲೂ, ಆ ಕೆಲಸವು ಹೊರಗೆಡಹುವ ಹೊಗೆ ನೀರು ಧೂಳುಗಳಿಂದಲೂ ಹುಟ್ಟುವ ರೋಗಗಳ ವಿಷಯವು ಹಾಗಲ್ಲ. ಕಸಬು ಬದಲಾದರೆ ರೋಗವೂ ಬದಲಾಗುತ್ತದೆ. ಹೊಸ ಯಂತ್ರ ಬಂದರೆ ಹಳೆಯ ಪಾಠ ಸಾಲದೆಹೋಗುತ್ತದೆ. ಆದುದರಿಂದ ಪಾಠಶಾಲೆಯನ್ನು ಬಿಟ್ಟಮೇಲೆ ವೈದ್ಯನು ಏನನ್ನು, ಯಾರಿಂದ, ಹೇಗೆ ಕಲಿತನೆಂಬುದೇ ಈ ಅಂಗದ ಚರಿತ್ರೆಯೆಂದರೆ ತಪ್ಪಾಗದು. ಈ ಚರಿತ್ರೆಯಲ್ಲಿ ಕಲಿತುದರಷ್ಟೇ ಮರೆತುದೂ ಗಮನಾರ್ಹವಾಗಿದೆ.

ಈ ವಿದ್ಯೆಗೆ ಮೂಲಪುರುಷನೆಂದು ಪ್ರಸಿದ್ಧನಾದವನು ಇಟಲಿ ದೇಶದ ಬೆರ್ನಾರ್ದಿನೋ ರಮಾಟ್ಸೀನಿ. ಕ್ರಿ.ಶ. 1633 ರಲ್ಲಿ ಕಾರ್ಪಿ ಎಂಬ ಊರಿನಲ್ಲಿ ಹುಟ್ಟಿ, ಮೋದೆನಾ ನಗರದಲ್ಲಿ ವೈದ್ಯನೂ ಅಧ್ಯಾಪಕನೂ ಆಗಿ, ಕಡೆಗಾಲದಲ್ಲಿ ಪಾದುವಾದ ವಿದ್ಯಾಪೀಠವನ್ನು ಸೇರಿದನು. ಕುಶಲಕರ್ಮಿಗಳ ರೋಗಗಳನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಆತನು ಬರೆದ ಗ್ರಂಥವು 1700 ರಲ್ಲಿ ಪ್ರಕಟವಾಯಿತು. ಆಗ ಆತನಿಗೆ ಅರವತ್ತೈದು ವರ್ಷ ಮೀರಿದ್ದಿತು. ಅಷ್ಟಕ್ಕೆ ತೃಪ್ತನಾಗದೆ ಮತ್ತೆ ಹನ್ನೆರಡು ಕಸಬುಗಳ ವಿಚಾರವನ್ನು ಸೇರಿಸಿ 1713 ರಲ್ಲಿ ಎರಡನೆಯ ಮುದ್ರಣವನ್ನು ಹೊರತಂದನು. ಎಂಬತ್ತನ್ನು ಮುಟ್ಟುತ್ತಿದ್ದ, ದೃಷ್ಟಿ ಮಂದವಾಗಿದ್ದ ವೃದ್ಧನೊಬ್ಬನು ಹೊಸ ಅಧ್ಯಾಯಗಳನ್ನು ಬರೆಯತೊಡಗಿದನೆಂಬ ಸಂಗತಿಯೊಂದೇ ಆತನ ಸ್ವಭಾವವನ್ನು ತಿಳಿಸುತ್ತದೆ.

ಗ್ರಂಥದ ಹುಟ್ಟಿಗೆ ಕಾರಣವಾದ ಸಂದರ್ಭವನ್ನು ಆತನೇ ಬರೆದಿಟ್ಟಿದ್ದಾನೆ. ಮೋದೆನಾದಲ್ಲಿ ಆತನ ಮನೆಯ ಮಲದ ಗುಂಡಿಯನ್ನು ಬರಿದುಮಾಡಲು ಬಂದ ಕೂಲಿಯವನು ಉಸಿರು ಕಟ್ಟುವಷ್ಟು ಆತುರದಿಂದ ದುಡಿಯುತ್ತಿದ್ದನು. ಇಷ್ಟು ಅವಸರವೇಕೆಂದು ಕೇಳಲು, ಆ ಗುಂಡಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ನಿಂತವರು ಕಣ್ಣು ಕಳೆದುಕೊಳ್ಳುವರೆಂದು ಅವನು ಉತ್ತರಕೊಟ್ಟನು. ರಮಾಟ್ಸೀನಿಯು ಅವನ ಕಣ್ಣುಗಳನ್ನು ಪರೀಕ್ಷಿಸಿ, ಅವು ಕೆಂಪೇರಿ ಮಂಜಾಗಿರುವುದನ್ನು ಕಂಡು, ಅನಂತರ ಅದೇ ಕಸಬಿನ ಇತರರನ್ನು ವಿಚಾರಿಸಲಾಗಿ, ಹಾಗೆ ಕುರುಡರಾಗಿ ನಗರದಲ್ಲಿ ಭಿಕ್ಷೆ ಬೇಡುತ್ತಿದ್ದವರು ಕಾಣಬಂದರು. ಇಲ್ಲಿ ಲಕ್ಷ್ಯವಿಡತಕ್ಕ ಅಂಶ ಯಾವುದೆಂದರೆ, ವಿದ್ಯಾಪೀಠದ ಪ್ರಾಧ್ಯಾಪಕನಿಗೆ ಈ ವಿಷಯ ಗೊತ್ತಿರಲಿಲ್ಲ, ಗುಂಡಿಯಲ್ಲಿ ನಿಂತವನಿಗೆ ಗೊತ್ತಿದ್ದಿತು. ಅಂದಿನಿಂದ ಆತನು ಕುಂಬಾರರ ಬಳಿಗೂ, ಕನ್ನಡಿಗೆ ಪಾದರಸ ಬಳಿಯುವವರ ಬಳಿಗೂ, ಚಿನ್ನದ ಮೆರುಗು ಕೊಡುವವರ ಬಳಿಗೂ ತಾನಾಗಿಯೇ ಹೋದನು. ಸೀಸವನ್ನು ಅರೆದು ಮಡಕೆಗೆ ಹೊಳಪು ಕೊಡುವ ಕುಂಬಾರರ ಕೈ ಮೊದಲು ನಡುಗಿ, ಆಮೇಲೆ ಸ್ವಾಧೀನ ತಪ್ಪಿ, ಹಲ್ಲುಗಳು ಉದುರಿಹೋಗುವ ಕ್ರಮವನ್ನು ಆತನು ಬರೆದಿರುವ ಅಧ್ಯಾಯವು ಇಂದು ಓದಿದರೂ ಮನಸ್ಸನ್ನು ಕಲಕುವಂತಿದೆ.

ರೋಗಿಯ ಬಳಿಗೆ ಬಂದ ವೈದ್ಯನು ಕೇಳತಕ್ಕ ಪ್ರಶ್ನೆಗಳನ್ನು ಗ್ರೀಕರ ಹಿಪೊಕ್ರಟೀಸನ ಹೆಸರಿನಲ್ಲಿರುವ ಗ್ರಂಥಗಳು ಹೇಳಿದ್ದುವು. ಅವಕ್ಕೆ ರಮಾಟ್ಸೀನಿಯು ಇನ್ನೊಂದನ್ನು ಕೂಡಿಸಿದನು: ನಿನ್ನ ಕಸಬು ಯಾವುದು? ಈ ಪ್ರಶ್ನೆಯನ್ನು ಕೇಳಬೇಕಾದರೆ ವೈದ್ಯನು ಬಡವನ ಮನೆಯ ಮುಕ್ಕಾಲಿಯ ಮೇಲೆ ಸಾವಧಾನವಾಗಿ ಕೂರತಕ್ಕದ್ದೆಂದೂ, ಕೀಳೆಂದೆಣಿಸಿದ ಕಮ್ಮಟಗಳೊಳಗೆ ಕಾಲಿಡಲು ನಾಚತಕ್ಕದ್ದಲ್ಲವೆಂದೂ ಆತನ ಮತ. ಗ್ರಂಥಕರ್ತನು ಪಂಡಿತರನ್ನೂ ಬಿಟ್ಟಿಲ್ಲ. ಬಾಗಿ ಕುಳಿತು ಓದುವವರ ಅಜೀರ್ಣಾದಿಗಳಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಈ ಪತ್ರಿಕೆಯ ವಾಚಕರಿಗೆ ಅದು ಅಪರಿಚಿತವಾದ ವ್ಯಾಧಿಯಾಗಿರಲಾರದು.

ಕೆಲಸದ ರೋಗವು ಕೆಲಸದ ಮನೆಯ ಗೋಡೆಯೊಳಗೆ ನಿಲ್ಲುವುದಿಲ್ಲವೆಂಬುದನ್ನೂ ಆತನು ಕಂಡಿದ್ದನು. ಮೋದೆನಾ ಸಂಸ್ಥಾನದ ಫಿನಾಲೆ ಎಂಬ ಊರಿನಲ್ಲಿ ಪಾದರಸದ ಲವಣವನ್ನು ತಯಾರಿಸುವ ದೊಡ್ಡ ಕಾರ್ಖಾನೆಯೊಂದಿದ್ದಿತು. ಅದರ ಹೊಗೆಯಿಂದ ನೆರೆಕೇರಿಯ ಗಾಳಿಯೇ ವಿಷವಾಯಿತೆಂದು ಅಲ್ಲಿಯ ನಿವಾಸಿಯೊಬ್ಬನು ವ್ಯಾಜ್ಯ ಹೂಡಿ, ಊರ ವೈದ್ಯನ ಹೇಳಿಕೆಯನ್ನೂ ಚರ್ಚಿನ ಮರಣದಾಖಲೆಯನ್ನೂ ಸಾಕ್ಷ್ಯವಾಗಿ ಒಪ್ಪಿಸಿದನು. ಆ ಕೇರಿಯಲ್ಲಿ ಮರಣಗಳು ಹೆಚ್ಚೆಂದು ದಾಖಲೆಯೇ ತೋರಿಸುತ್ತಿದ್ದರೂ ಕಾರ್ಖಾನೆಯವನೇ ಗೆದ್ದನು. ಮರಣಗಳನ್ನು ಸ್ಥಳವಾರು ಎಣಿಸಿ ಕಾರಣವನ್ನು ಊಹಿಸುವ ಈ ಕ್ರಮವು ಎರಡು ಮೂರು ಶತಮಾನಗಳ ತರುವಾಯ ಪರಿಸರವೈದ್ಯದ ಮುಖ್ಯ ಸಾಧನವಾಯಿತು.

ಪ್ರಕೃತ ವಿಷಯಕ್ಕೆ ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವನ್ನು ಹೋಲಿಸಿ ನೋಡುವುದು ಉಚಿತ. ಜ್ಞಾನಸಂಪಾದನೆಗೆ ಅಲ್ಲಿ ಮೂರು ಉಪಾಯಗಳು ಹೇಳಲ್ಪಟ್ಟಿವೆ: ಅಧ್ಯಯನ, ಅಧ್ಯಾಪನ, ತದ್ವಿದ್ಯಸಂಭಾಷೆ. ಕಡೆಯದು ಒಂದೇ ವಿದ್ಯೆಯನ್ನು ಬಲ್ಲವರು ಕಲೆತು ಮಾತನಾಡುವುದು. ಅದರಲ್ಲಿಯೂ ಸ್ನೇಹದಿಂದ ನಡೆಯುವ ಸಂಧಾಯಸಂಭಾಷೆ, ಜಯಾಪೇಕ್ಷೆಯಿಂದ ನಡೆಯುವ ವಿಗೃಹ್ಯಸಂಭಾಷೆ ಎಂದು ಎರಡು ಬಗೆ. ಇಂದಿನ ವೈದ್ಯಸಮ್ಮೇಳನಗಳು ಈ ಮೂರನೆಯ ಉಪಾಯದ ರೂಪಾಂತರಗಳೆನ್ನಬಹುದು. ಆದರೆ ಪ್ರಾಚೀನರಲ್ಲಿ ಎಲ್ಲವೂ ಇದ್ದಿತೆಂದು ಸಾಧಿಸಹೊರಡುವುದು ವಿಮರ್ಶೆಯಲ್ಲ. ಸಂಭಾಷೆಯು ವಿದ್ಯಾವಂತರೊಳಗಣ ಮಾತು. ರಮಾಟ್ಸೀನಿಯದು ವಿದ್ಯಾವಂತನು ಅವಿದ್ಯಾವಂತನಿಂದ ಪಡೆದ ಪಾಠ. ಅದಕ್ಕೆ ಹೆಚ್ಚು ಹತ್ತಿರವಾದ ಮಾತು ಸೂತ್ರಸ್ಥಾನದ ಮೊದಲನೆಯ ಅಧ್ಯಾಯದಲ್ಲಿದೆ. ಮೂಲಿಕೆಗಳ ನಾಮರೂಪಗಳನ್ನು ಕಾಡಿನ ಗೋಪಾಲರೂ ಕುರುಬರೂ ವನವಾಸಿಗಳೂ ಬಲ್ಲರೆಂದು ಚರಕನು ಅಲ್ಲಿ ಒಪ್ಪಿಕೊಳ್ಳುತ್ತಾನೆ; ಪ್ರಯೋಗಜ್ಞಾನವನ್ನು ಮಾತ್ರ ವೈದ್ಯನಿಗೆ ಉಳಿಸಿಕೊಳ್ಳುತ್ತಾನೆ.

ಇನ್ನು ಮರೆವಿನ ಪ್ರಸಂಗ. ಕಲ್ಲಿನ ಧೂಳು ಪುಪ್ಪುಸವನ್ನು ಕೆಡಿಸುವುದೆಂಬುದು ಹಳೆಯ ಜ್ಞಾನ. 1556 ರಲ್ಲಿ ಪ್ರಕಟವಾದ ಗಣಿವಿದ್ಯೆಯ ಗ್ರಂಥದಲ್ಲಿ ಅಗ್ರಿಕೋಲನು, ಕಾರ್ಪೇಥಿಯನ್ ಬೆಟ್ಟಗಳ ಗಣಿಗಳಲ್ಲಿ ಒಬ್ಬೊಬ್ಬಳು ಏಳು ಗಂಡಂದಿರನ್ನು ಕಳೆದುಕೊಂಡ ಹೆಂಗಸರಿದ್ದರೆಂದು ಬರೆದಿದ್ದಾನೆ. ಆದರೆ 1882 ರಲ್ಲಿ ರಾಬರ್ಟ್ ಕೋಖನು ಕ್ಷಯದ ಕ್ರಿಮಿಯನ್ನು ಕಂಡುಹಿಡಿದ ಮೇಲೆ ವೈದ್ಯರ ದೃಷ್ಟಿಯೆಲ್ಲ ಕ್ರಿಮಿಯ ಕಡೆಗೆ ತಿರುಗಿತು. ಕೆಮ್ಮಿ ಸೊರಗಿದ ಗಣಿಗಾರನಿಗೆ ಕ್ಷಯವೆಂಬ ಒಂದು ಹೆಸರು ಸಾಕಾಯಿತು; ಅವನು ಏನನ್ನು ಉಸಿರಾಡಿದನೆಂದು ಕೇಳುವವರು ಕಡಮೆಯಾದರು. ಸಿಲಿಕಾ ಧೂಳಿನಿಂದ ಜರ್ಜರಿತವಾದ ಪುಪ್ಪುಸದಲ್ಲಿ ಕ್ಷಯವು ಸುಲಭವಾಗಿ ನೆಲೆಸುವುದರಿಂದ ಈ ಭ್ರಾಂತಿಯು ಮತ್ತಷ್ಟು ದೃಢವಾಯಿತು. ಶಾಸ್ತ್ರದ ಒಂದು ಮಹಾವಿಜಯವು ಇನ್ನೊಂದು ಜ್ಞಾನವನ್ನು ಮುಚ್ಚಿದ ಉದಾಹರಣೆ ಇದು.

ಈ ಮರೆವಿನ ಬೆಲೆಯನ್ನು ತೆತ್ತವರಲ್ಲಿ ಕೋಲಾರದ ಚಿನ್ನದ ಗಣಿಯವರೂ ಸೇರಿದ್ದರು. ಅಲ್ಲಿ 1880 ರ ಸುಮಾರಿಗೆ ಹೊಸ ಕ್ರಮದಲ್ಲಿ ಮೊದಲಾದ ಕೆಲಸವು ಕಾಲಕ್ರಮದಲ್ಲಿ ಮೂರು ಕಿಲೋಮೀಟರಿನಷ್ಟು ಆಳಕ್ಕೆ ಇಳಿಯಿತು. ಬೆಣಚುಕಲ್ಲನ್ನು ಕೊರೆಯುವ ಯಂತ್ರಗಳಿಂದ ಏಳುವ ಸಣ್ಣ ಧೂಳು ಕಣ್ಣಿಗೆ ಕಾಣದು. ತಮಿಳು ಸೀಮೆಯಿಂದಲೂ ತೆಲುಗು ಸೀಮೆಯಿಂದಲೂ ಬಂದ ಕೂಲಿಗಳು ಕೆಮ್ಮು ಹತ್ತಿ ಊರಿಗೆ ಮರಳಿದರೆ, ಅವರ ಮರಣವನ್ನು ಗಣಿಯ ಲೆಕ್ಕದಲ್ಲಿ ಬರೆಯುವವರೇ ಇರಲಿಲ್ಲ. ಸಿಲಿಕೋಸಿಸ್ ಎಂಬ ರೋಗವು ಅಲ್ಲಿ ಉಂಟೆಂದು ವೈದ್ಯಪತ್ರಗಳಲ್ಲಿ ಸ್ಥಾಪಿತವಾದುದು 1930 ರ ಮತ್ತು 1940 ರ ದಶಕಗಳಲ್ಲಿ. ಎಕ್ಸ್-ರೇ ಪರೀಕ್ಷೆ ನಡೆದಾಗ, ನೋಡಲ್ಪಟ್ಟವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ರೋಗಲಕ್ಷಣ ಕಂಡಿತು. ಅರ್ಧ ಶತಮಾನದ ಕಾಲ ಆಸ್ಪತ್ರೆಯ ಬಾಗಿಲಲ್ಲಿಯೇ ಇದ್ದ ರೋಗವು ಅಷ್ಟು ತಡವಾಗಿ ತನ್ನ ಹೆಸರನ್ನು ಪಡೆಯಿತು.

ಈ ಮಧ್ಯೆ ಪಶ್ಚಿಮದಲ್ಲಿ ಕೆಲವರು ಹಳೆಯ ಪ್ರಶ್ನೆಯನ್ನು ಮತ್ತೆ ಕೇಳತೊಡಗಿದ್ದರು. ಇಂಗ್ಲೆಂಡಿನಲ್ಲಿ 1895 ರ ಶಾಸನದಿಂದ ಸೀಸವಿಷದ ರೋಗಿಯನ್ನು ಕಂಡ ವೈದ್ಯನು ಸರ್ಕಾರಕ್ಕೆ ತಿಳಿಸಬೇಕಾಯಿತು. 1898 ರಲ್ಲಿ ಥಾಮಸ್ ಲೆಗ್ ಕಾರ್ಖಾನೆಗಳ ಮೊದಲನೆಯ ವೈದ್ಯಪರೀಕ್ಷಕನಾದನು. ಮಿಲಾನಿನಲ್ಲಿ ಲೂಯಿಜಿ ದೆವೋತೋ 1910 ರಲ್ಲಿ ದುಡಿಮೆಯ ರೋಗಗಳಿಗೆಂದೇ ಒಂದು ಚಿಕಿತ್ಸಾಲಯವನ್ನು ತೆರೆದನು. ಅದೇ ವರ್ಷ ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆಯು ಸೀಸದ ಕಾರ್ಖಾನೆಗಳ ಶೋಧನೆಗೆ ತೊಡಗಿದಳು. ಆಕೆಯ ಶಾಲಾವಿದ್ಯೆಯು ಕ್ರಿಮಿಶಾಸ್ತ್ರಾದಿಗಳಲ್ಲಿ. ಈ ವಿಷಯವನ್ನು ಆಕೆಯು ಇಂಗ್ಲೆಂಡಿನ ಥಾಮಸ್ ಆಲಿವರನ ಗ್ರಂಥದಿಂದಲೂ ಕೂಲಿಯವರಿಂದಲೂ ಕಲಿತಳು. ಸ್ನಾನದ ತೊಟ್ಟಿಗಳಿಗೆ ಎನಾಮೆಲ್ ಹಚ್ಚುವ ಪೋಲೆಂಡಿನವನೊಬ್ಬನು ಹೊಟ್ಟೆನೋವಿನಿಂದಲೂ ಸೋತ ಮಣಿಕಟ್ಟುಗಳಿಂದಲೂ ನರಳುತ್ತಿರಲು, ಆಕೆಯು ಆ ಕಾರ್ಖಾನೆಗೆ ಹೋಗಿ ನೋಡಿ, ಅಪಾಯವೇನನ್ನೂ ಕಾಣದೆ ಹಿಂದಿರುಗಿದಳು. ಆಮೇಲೆ ಅವನನ್ನೇ ಕೇಳಲಾಗಿ, ಆಕೆಗೆ ತೋರಿಸಿದುದು ಕಡೆಯ ತಿದ್ದುವಿಕೆ ಮಾತ್ರವೆಂದೂ, ಕಾದ ತೊಟ್ಟಿಯ ಮೇಲೆ ಪುಡಿಯನ್ನು ಎರಚುವ ನಿಜವಾದ ಕೆಲಸವು ಬೇರೆಡೆ ನಡೆಯುವುದೆಂದೂ ತಿಳಿದುಬಂದಿತು. ಆ ಪುಡಿಯಲ್ಲಿ ಸೀಸವಿದ್ದಿತು. 1919 ರಲ್ಲಿ ಹಾರ್ವರ್ಡ್ ವಿದ್ಯಾಪೀಠವು ಅಧ್ಯಾಪಕಪದವಿಗೆ ನೇಮಿಸಿಕೊಂಡ ಮೊದಲನೆಯ ಸ್ತ್ರೀಯು ಈಕೆಯೇ.

ಒಂದು ಕಸಬಿನ ರೋಗವನ್ನು ಕುರಿತ ಚಿಕ್ಕ ಲೇಖನವೊಂದು ದೂರದೇಶದ ಊರೊಂದಕ್ಕೆ ಹೇಗೆ ದೀಪವಾಯಿತೆಂಬುದಕ್ಕೆ ಪಾದರಸದ ವೃತ್ತಾಂತವು ನಿದರ್ಶನ. ಇಂಗ್ಲೆಂಡಿನಲ್ಲಿ ಬಿತ್ತನೆಯ ಬೀಜಕ್ಕೆ ಹಚ್ಚುವ ಪಾದರಸದ ಔಷಧವನ್ನು ತಯಾರಿಸುತ್ತಿದ್ದ ನಾಲ್ವರು ಕೆಲಸಗಾರರಿಗೆ ದೃಷ್ಟಿಯ ಹರವು ಸಂಕುಚಿತವಾಗಿ, ಮಾತು ತೊದಲಿ, ನಡಿಗೆ ತತ್ತರಿಸತೊಡಗಿತು. ಡೊನಾಲ್ಡ್ ಹಂಟರನೂ ಅವನ ಸಹಕಾರಿಗಳೂ 1940 ರಲ್ಲಿ ಅದನ್ನು ವರ್ಣಿಸಿದರು. ಆ ನಾಲ್ವರಲ್ಲಿ ಒಬ್ಬನ ಶವಪರೀಕ್ಷೆಯ ವಿವರವು 1954 ರಲ್ಲಿ ಪ್ರಕಟವಾಯಿತು. ಎರಡು ವರ್ಷ ಕಳೆಯುವುದರೊಳಗೆ ಜಪಾನಿನ ಮಿನಮಾಟ ಎಂಬ ಕಡಲೂರಿನಲ್ಲಿ ಮೀನನ್ನು ತಿಂದ ಬಡಜನರಿಗೆ ಅದೇ ಲಕ್ಷಣಗಳು ತೋರಿದುವು. ಅಲ್ಲಿಯ ಚಿಸ್ಸೋ ಕಾರ್ಖಾನೆಯ ಆಸ್ಪತ್ರೆಯ ಮುಖ್ಯವೈದ್ಯನಾದ ಹೊಸೊಕಾವಾ ಹಜಿಮೆ 1956 ರ ಮೇ 1 ರಂದು ಆರೋಗ್ಯಾಧಿಕಾರಿಗಳಿಗೆ ವರದಿ ಮುಟ್ಟಿಸಿದನು. ಹಂಟರನ ವರ್ಣನೆಯೊಡನೆ ರೋಗಿಗಳ ಲಕ್ಷಣಗಳನ್ನೂ ಮೃತರ ಮಿದುಳನ್ನೂ ಹೋಲಿಸಿ ನೋಡಿದ ಕುಮಾಮೊಟೊ ವಿದ್ಯಾಪೀಠದವರು 1959 ರಲ್ಲಿ ಪಾದರಸವೇ ಕಾರಣವೆಂದು ಸಾರಿದರು. ಅದೇ ವರ್ಷ ಹೊಸೊಕಾವಾ ಕಾರ್ಖಾನೆಯ ಕೊಳಚೆಯನ್ನು ಬೆರಸಿದ ಆಹಾರವನ್ನು ಬೆಕ್ಕಿಗೆ ಕೊಟ್ಟು, ಅದಕ್ಕೂ ಅದೇ ರೋಗ ಬಂದುದನ್ನು ಕಂಡನು. ಆದರೆ ಆಡಳಿತದವರು ಪ್ರಯೋಗವನ್ನು ಮುಂದುವರಿಸಗೊಡಲಿಲ್ಲ, ಫಲಿತಾಂಶವು ಹೊರಬೀಳಲಿಲ್ಲ. ಸರ್ಕಾರವು ಕಾರಣವನ್ನು ಒಪ್ಪಿದುದು 1968 ರಲ್ಲಿ. 1970 ರಲ್ಲಿ ಮರಣಶಯ್ಯೆಯ ಮೇಲಿದ್ದ ಆ ವೈದ್ಯನು ನ್ಯಾಯಸ್ಥಾನದ ಮುಂದೆ ಬೆಕ್ಕಿನ ಪ್ರಯೋಗವನ್ನು ಹೇಳಿ, ಅದೇ ವರ್ಷ ತೀರಿಕೊಂಡನು. ವೈದ್ಯನು ಕಲಿತರೆ ಸಾಲದು, ಕಲಿತುದನ್ನು ಹೇಳುವ ಸ್ವಾತಂತ್ರ್ಯವೂ ಬೇಕೆಂಬ ಪ್ರಶ್ನೆಯನ್ನು ಈ ವೃತ್ತಾಂತವು ಎತ್ತಿದೆ. ಕಾರ್ಖಾನೆಯ ಸಂಬಳವನ್ನು ಉಂಡು ಕಾರ್ಖಾನೆಯ ದೋಷವನ್ನು ನುಡಿಯುವುದು ಸುಲಭವಲ್ಲ.

ಮುಂದಿನ ಕಾಲದಲ್ಲಿ ಕಲಿಕೆಯು ಗಂಟೆಗಳ ಲೆಕ್ಕಕ್ಕೆ ಬಂದಿತು. ಅಮೆರಿಕದ ವೈದ್ಯಸಂಘವು 1968 ರಲ್ಲಿ ಅನುಶಿಕ್ಷಣಕ್ಕೆ ಮನ್ನಣೆ ಕೊಡುವ ಪದ್ಧತಿಯನ್ನು ತೊಡಗಿಸಿತು. 1970 ರ ಶಾಸನದ ತರುವಾಯ, 1977 ರಿಂದ ವಿದ್ಯಾಪೀಠಗಳಲ್ಲಿ ವೃತ್ತಿಸ್ವಾಸ್ಥ್ಯದ ಶಿಕ್ಷಣಕೇಂದ್ರಗಳು ಏರ್ಪಟ್ಟುವು. ಹೀಗಿದ್ದೂ 1980 ರ ದಶಕದಲ್ಲಿ ಅಲ್ಲಿಯ ವೈದ್ಯವಿದ್ಯಾರ್ಥಿಗೆ ನಾಲ್ಕು ವರ್ಷಗಳಲ್ಲಿ ಈ ವಿಷಯದಲ್ಲಿ ದೊರೆಯುತ್ತಿದ್ದ ಪಾಠವು ಸಾಮಾನ್ಯವಾಗಿ ನಾಲ್ಕು ಗಂಟೆ ಮಾತ್ರ. ಭರತಖಂಡದಲ್ಲಿ 1948 ರ ಕಾರ್ಖಾನೆಗಳ ಶಾಸನವು ಸಿಲಿಕೋಸಿಸ್ ಮೊದಲಾದ ರೋಗಗಳನ್ನು ಕಂಡ ವೈದ್ಯನು ಪರೀಕ್ಷಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು. ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆಯೂ, ಅದರ ಬೆಂಗಳೂರಿನ ಪ್ರಾದೇಶಿಕ ಕೇಂದ್ರವೂ ಅನಂತರ ಹುಟ್ಟಿದುವು. 1984 ರ ಡಿಸೆಂಬರಿನಲ್ಲಿ ಭೋಪಾಲದ ಜನರು ಆಸ್ಪತ್ರೆಗೆ ಓಡಿಬಂದ ರಾತ್ರಿ, ಸೋರಿದ ಅನಿಲ ಯಾವುದು, ಅದಕ್ಕೆ ಚಿಕಿತ್ಸೆ ಏನು ಎಂಬುದು ಅಲ್ಲಿದ್ದ ವೈದ್ಯರಿಗೆ ತಿಳಿದಿರಲಿಲ್ಲ, ತಿಳಿಸಬೇಕಾದವರು ತಿಳಿಸಿರಲಿಲ್ಲ. 1987 ರಲ್ಲಿ ಶಾಸನವು ತಿದ್ದಲ್ಪಟ್ಟಿತು. 2002 ರಲ್ಲಿ ವೈದ್ಯಮಂಡಲಿಯ ನಿಯಮಗಳು ಪ್ರತಿ ಐದು ವರ್ಷಗಳಲ್ಲಿ ಮೂವತ್ತು ಗಂಟೆಗಳ ಅನುಶಿಕ್ಷಣವನ್ನು ವೈದ್ಯರಿಗೆ ಹೇಳಿದುವು. ಆ ಮೂವತ್ತರಲ್ಲಿ ಒಂದು ಗಂಟೆಯಾದರೂ ರೋಗಿಯ ಕಸಬಿಗೆ ಸಲ್ಲಬೇಕೆಂದು ಹೇಳಿದ್ದರೆ ಚೆನ್ನಾಗಿದ್ದಿತು.

ಕೋಲಾರದ ಗಣಿಯು 2001 ರ ಫೆಬ್ರವರಿಯಲ್ಲಿ ಮುಚ್ಚಿತು. ಧೂಳಿನ ಸಂಪರ್ಕ ತಪ್ಪಿದ ಮೇಲೆಯೂ ಸಿಲಿಕೋಸಿಸ್ ಹಲವು ವರ್ಷಗಳ ತನಕ ಬೆಳೆಯಬಲ್ಲುದು. ಚಿನ್ನವನ್ನು ತೆಗೆದುಳಿದ ಪುಡಿಯು ಊರ ಸುತ್ತ ಬೆಟ್ಟದಂತೆ ನಿಂತಿದೆ. ಅದನ್ನು ಜನರು ಸೈನೈಡ್ ದಿಬ್ಬಗಳೆನ್ನುತ್ತಾರೆ. ಗಾಳಿಯ ಕಾಲದಲ್ಲಿ ಅದರ ಧೂಳು, ಗಣಿಗೆ ಎಂದೂ ಇಳಿಯದ ಹೆಂಗಸರು ಮಕ್ಕಳು ಇರುವ ಮನೆಗಳ ಮೇಲೆ ಬೀಳುತ್ತದೆ. ಅಲ್ಲಿಯ ವೈದ್ಯನ ಬಳಿಗೆ ಕೆಮ್ಮುತ್ತ ಬಂದ ಮುದುಕನಿಗೆ ಕೇಳಬೇಕಾದುದು, ಈಗ ಏನು ಮಾಡುತ್ತಿರುವಿರಿ ಎಂದಲ್ಲ. ಮೊದಲು ಏನು ಮಾಡುತ್ತಿದ್ದಿರಿ, ಎಷ್ಟು ವರ್ಷ, ಯಾವ ಗಣಿಯಲ್ಲಿ ಎಂದು. ಅವನ ಮೊಮ್ಮಗನಿಗೆ ಕೇಳಬೇಕಾದುದು, ಮನೆಯು ದಿಬ್ಬದ ಯಾವ ದಿಕ್ಕಿಗೆ ಇದೆಯೆಂದು.