ಹಳೆಯ ಕಂಪ್ಯೂಟರ್ ಸಿಕ್ಕಿತೇ? ತಕ್ಷಣ ಸ್ವಿಚ್ ಹಾಕಬೇಡಿ!

ಅಟ್ಟದ ಮೇಲೆ ಮರೆತುಹೋಗಿದ್ದ ಕಂಪ್ಯೂಟರ್ ಕೈಗೆ ಸಿಕ್ಕರೆ ಮೊದಲು ಏನು ಮಾಡುತ್ತೇವೆ? ಪ್ಲಗ್ ಸಿಕ್ಕಿಸಿ ಸ್ವಿಚ್ ಹಾಕಿ ನೋಡುತ್ತೇವೆ. ಬಳಸದೆ ಇಟ್ಟ ಯಂತ್ರ ಕೆಟ್ಟಿರಲಾರದು ಎನ್ನುವುದು ನಮ್ಮ ನಂಬಿಕೆ. ಆದರೆ ಕೆಲವು ಬಿಡಿಭಾಗಗಳು ಇಟ್ಟಲ್ಲೇ ಹಾಳಾಗುತ್ತವೆ!

ಇದಕ್ಕೆ ಬಿಬಿಸಿ ಮೈಕ್ರೋ ಒಳ್ಳೆಯ ಉದಾಹರಣೆ. ಜನರಿಗೆ ಕಂಪ್ಯೂಟರ್ ಕಲಿಸುವ ಬಿಬಿಸಿಯ ಯೋಜನೆಗಾಗಿ ಬ್ರಿಟನ್ನಿನ ಏಕಾರ್ನ್ ಸಂಸ್ಥೆ ಇದನ್ನು 1981ರಲ್ಲಿ ಹೊರತಂದಿತು. ಇದರ 'ಮಾಡೆಲ್ ಬಿ'ಯಲ್ಲಿದ್ದ ರ‍್ಯಾಮ್ 32 ಕೆಬಿ ಮಾತ್ರ. 1984-85ರಲ್ಲಿ ಪ್ರಾರಂಭವಾದ 'ಕ್ಲಾಸ್' ಯೋಜನೆಯ ಮೂಲಕ ಇದು ಭಾರತದ ಶಾಲೆಗಳಿಗೂ ಬಂದಿತ್ತು.

ಇಷ್ಟು ಹಳೆಯ ಬಿಬಿಸಿ ಮೈಕ್ರೋಗೆ ಇಂದು ವಿದ್ಯುತ್ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಕಟುವಾಸನೆಯ ಹೊಗೆ ಬರುವುದುಂಟು. ಅದರ ಪವರ್ ಸಪ್ಲೈಯಲ್ಲಿರುವ, ಕಾಗದ ಬಳಸಿ ತಯಾರಿಸಿದ ಕೆಪಾಸಿಟರ್‌ಗಳೇ ಇದಕ್ಕೆ ಕಾರಣ. ವರ್ಷಗಳು ಕಳೆದಂತೆ ಅವುಗಳ ಹೊರಕವಚ ಬಿರುಕು ಬಿಡುತ್ತದೆ, ಒಳಗಿನ ಕಾಗದ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವಿದ್ಯುತ್ ಹರಿದಾಗ ಕೆಪಾಸಿಟರ್ ಬಿಸಿಯಾಗಿ ಸುಡುತ್ತದೆ. ಕಂಪ್ಯೂಟರಿನ ಉಳಿದ ಭಾಗಗಳಿಗೆ ಬಹಳಷ್ಟು ಸಲ ಏನೂ ಆಗಿರುವುದಿಲ್ಲ.

ಹಾಗಾಗಿ ದುರಸ್ತಿ ಶುರುವಾಗಬೇಕಾದ್ದು ಪವರ್ ಸಪ್ಲೈಯಿಂದ. ಹಳೆಯ ಕೆಪಾಸಿಟರ್ ತೆಗೆದು ಅಷ್ಟೇ ಮೌಲ್ಯದ, 'ಎಕ್ಸ್2' ದರ್ಜೆಯ ಹೊಸದನ್ನು ಹಾಕಬೇಕು. ನೇರವಾಗಿ ಮನೆಯ ವಿದ್ಯುತ್ತಿಗೆ ಜೋಡಿಸಲೆಂದೇ ತಯಾರಾದ ಬಗೆ ಇದು. ಸಾಮಾನ್ಯ ಕೆಪಾಸಿಟರ್ ಇಲ್ಲಿ ಸಲ್ಲದು. ಪ್ಲಗ್ ತೆಗೆದ ಮೇಲೂ ಪವರ್ ಸಪ್ಲೈಯೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಆದ್ದರಿಂದ ಅನುಭವ ಇಲ್ಲದವರು ಈ ಕೆಲಸವನ್ನು ತಂತ್ರಜ್ಞರಿಗೇ ಬಿಡುವುದು ಕ್ಷೇಮ.

ಆಮೇಲೆ ಮಲ್ಟಿಮೀಟರ್ ಹಿಡಿದು, ಚಿಪ್‌ಗಳಿಗೆ ಬೇಕಾದ 5 ವೋಲ್ಟ್ ಸರಿಯಾಗಿ ಬರುತ್ತಿದೆಯೇ ಎಂದು ನೋಡಬೇಕು. ಸಾಕೆಟ್‌ನಲ್ಲಿ ಕೂರಿಸಿದ ಚಿಪ್‌ಗಳ ಕಾಲುಗಳಿಗೆ ಕಿಲುಬು ಹಿಡಿದಿದ್ದರೆ ಸಂಪರ್ಕ ತಪ್ಪುತ್ತದೆ. ಅವನ್ನು ಜೋಪಾನವಾಗಿ ಎತ್ತಿ, ಶುಚಿಮಾಡಿ, ಮತ್ತೆ ಅದೇ ದಿಕ್ಕಿನಲ್ಲಿ ಕೂರಿಸಬೇಕು. ಎಷ್ಟೋ ಬಾರಿ ಇಷ್ಟೇ ಸಾಕಾಗುತ್ತದೆ.

ಈಗ ಸ್ವಿಚ್ ಹಾಕಬಹುದು. ಮೊದಲು ಒಂದು ತಗ್ಗಿದ ದನಿ, ಅದರ ಬೆನ್ನಿಗೇ ಚಿಕ್ಕದೊಂದು 'ಬೀಪ್' ಕೇಳಿಸಿದರೆ ಯಂತ್ರ ಎಚ್ಚರಗೊಂಡಿದೆ ಎಂದರ್ಥ. ಮೊದಲ ದನಿಯೇ ನಿಲ್ಲದೆ ಮುಂದುವರಿದರೆ ಯಾವುದೋ ಚಿಪ್ ಅಥವಾ ಸಂಪರ್ಕ ಕೈಕೊಟ್ಟಿದೆ, ಹುಡುಕಾಟ ಮುಂದುವರಿಸಬೇಕು.

ಹೊಗೆ ಕಂಡ ಮಾತ್ರಕ್ಕೆ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಕಿಲ್ಲ. ಹಾಗೆಯೇ, ಹೊಗೆ ಬರುವವರೆಗೂ ಕಾಯಬೇಕಾಗಿಲ್ಲ!